ಕನ್ನಡಿಯಲ್ಲಿ ಮೊಗ್ಗಿನ ಜಡೆ: ಒಂದು ಹಳೆಯ ಫೋಟೊ ಓದಿದ ಕಥೆ

ಕಳೆದ ಮಳೆಗಾಲದಲ್ಲಿ ಮುಂಬ್ರಾದ ನಮ್ಮ ಮನೆಯ ಗೋಡೆಗೆ ಒರತೆ ಬಂದು, ಅಟ್ಟದ ಮೇಲಿದ್ದ ಸಾಮಾನೆಲ್ಲ ಕೆಳಗಿಳಿಸಬೇಕಾಯಿತು. ಅದರಲ್ಲಿ ಅತ್ತೆಯವರ ತಗಡಿನ ಟ್ರಂಕೂ ಇತ್ತು. ಹಳೆಯ ಪಂಚಾಂಗ, ರೇಷನ್ ಕಾರ್ಡು, ಮಡಚಿಟ್ಟ ರೇಷ್ಮೆ ಸೀರೆ, ಎಲ್ಲದರ ತಳದಲ್ಲಿ ಹಳೆಯ ಪತ್ರಿಕೆಯೊಂದರಲ್ಲಿ ಸುತ್ತಿದ್ದ ಒಂದು ಫೋಟೊ. ದಪ್ಪ ರಟ್ಟಿಗೆ ಅಂಟಿಸಿದ್ದು, ಅಂಗೈ ಅಗಲದ್ದು, ಮೂಲೆ ಮುರಿದದ್ದು. ಅದರಲ್ಲಿ ಇಬ್ಬರು ಮಕ್ಕಳು. ಎಂಟು ವರ್ಷದ ಆಸುಪಾಸಿನ ಒಬ್ಬ ಹುಡುಗಿ, ಮೂರು ವರ್ಷದ ಒಬ್ಬ ಹುಡುಗ.

ಹುಡುಗ ಯಾರೆಂದು ತಿಳಿಯಲು ಕಷ್ಟವಾಗಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನನ್ನ ಮಾವನವರ ಹೆಸರು ಇತ್ತು. ಅವರು ಹುಟ್ಟಿದ್ದು 1930ರಲ್ಲಿ, ಹಾಗಾಗಿ ಫೋಟೊ ತೆಗೆದದ್ದು ಸುಮಾರು 1933ರಲ್ಲಿ. ಹೆಸರಿನ ಪಕ್ಕದಲ್ಲಿ ಇನ್ನೆರಡೇ ಪದ: ‘ಮತ್ತು ಅಕ್ಕ’.

ಮಾವನವರಿಗೆ ಅಕ್ಕ ಇದ್ದರೆಂದು ಮದುವೆಯಾಗಿ ನಲವತ್ತು ವರ್ಷವಾದರೂ ನನಗೆ ಯಾರೂ ಹೇಳಿರಲಿಲ್ಲ. ಹೇಳುವವರೂ ಈಗ ಹೆಚ್ಚು ಉಳಿದಿಲ್ಲ. ಆದ್ದರಿಂದ ಮೊದಲು ಫೋಟೊವನ್ನೇ ಕೇಳೋಣ ಎಂದುಕೊಂಡೆ. ಹಳೆಯ ಸ್ಟುಡಿಯೊ ಫೋಟೊದಲ್ಲಿ ತಾನಾಗಿ ಬಂದು ಕೂತದ್ದು ಕಡಿಮೆ. ಕುರ್ಚಿ, ಪರದೆ, ಹೂದಾನಿ, ಕೈಯಲ್ಲಿನ ಪುಸ್ತಕ ಎಲ್ಲವನ್ನೂ ಯಾರೋ ಯೋಚಿಸಿ ಇಟ್ಟಿರುತ್ತಾರೆ. ಹಾಗಿದ್ದಮೇಲೆ ಅದನ್ನು ಅಕ್ಷರದಂತೆ ಓದಲೂ ಬರಬೇಕು.

ಸ್ಟುಡಿಯೊ ಎಂಬ ರಂಗಸಜ್ಜಿಕೆ

ನಮ್ಮ ಮುಂಬಯಿಗೆ ಫೋಟೊಗ್ರಫಿ ಬಂದದ್ದು ಬಹಳ ಬೇಗ. 1839ರಲ್ಲಿ ಪ್ಯಾರಿಸಿನಲ್ಲಿ ಡಗೇರ್ ತನ್ನ ವಿಧಾನವನ್ನು ಪ್ರಕಟಿಸಿದ. 1854ರಲ್ಲಿ ಇಲ್ಲಿ ಬಾಂಬೆ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಬೋರಿಬಂದರಿನಿಂದ ಠಾಣೆಗೆ ಬಂದಿದ್ದ ರೈಲು ಮುಂದೆ ಕಲ್ಯಾಣದವರೆಗೆ ಓಡಿದ್ದೂ ಅದೇ ವರ್ಷ. ಅಂದರೆ ಮುಂಬ್ರಾದ ಬೆಟ್ಟದ ಬುಡದಲ್ಲಿ ರೈಲು ಹಾದ ವರ್ಷವೇ ಈ ನಗರದಲ್ಲಿ ಕ್ಯಾಮೆರಾ ಹಿಡಿದವರು ಒಂದು ಸಂಘ ಕಟ್ಟಿಕೊಂಡಿದ್ದರು. ಡಾಕ್ಟರ್ ಭಾವು ದಾಜಿಯವರ ತಮ್ಮ ನಾರಾಯಣ ದಾಜಿ, ಹರಿಶ್ಚಂದ್ರ ಚಿಂತಾಮಣಿ ಮೊದಲಾದ ನಮ್ಮವರೂ ಆ ಮೊದಲ ತಲೆಮಾರಿನಲ್ಲಿದ್ದರು. ಹೈದರಾಬಾದಿನ ನಿಜಾಮರ ಛಾಯಾಗ್ರಾಹಕರಾದ ರಾಜಾ ದೀನದಯಾಳರು 1896ರಲ್ಲಿ ಮುಂಬಯಿಯಲ್ಲಿ ತಮ್ಮ ಸ್ಟುಡಿಯೊ ತೆರೆದರು.

ದೊಡ್ಡ ಊರಿನ ಈ ಪದ್ಧತಿಯೇ ನಿಧಾನವಾಗಿ ಸಣ್ಣ ಊರುಗಳಿಗೂ ಇಳಿಯಿತು. ವಿದ್ಯುತ್ ದೀಪ ಬರುವ ಮೊದಲು ಸ್ಟುಡಿಯೊ ಅಂದರೆ ಬೆಳಕಿನ ಕೋಣೆ. ಬಿಸಿಲು ನೇರವಾಗಿ ಬೀಳದಂತೆ ಒಂದು ಪಕ್ಕಕ್ಕೆ ಗಾಜಿನ ಮಾಡು ಅಥವಾ ದೊಡ್ಡ ಕಿಟಕಿ, ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬಿಳಿ ಬಟ್ಟೆಯ ತೆರೆ. ಹಿಂದೆ ಬಣ್ಣ ಬಳಿದ ಪರದೆ. ಅದರ ಮೇಲೆ ಕಂಬ, ಮೆಟ್ಟಿಲು, ಉದ್ಯಾನ, ಕೊಳ. ಮುಂದೆ ಒಂದು ಕೆತ್ತನೆಯ ಕುರ್ಚಿ, ಎತ್ತರದ ಟೀಪಾಯಿ, ಅದರ ಮೇಲೆ ಹೂದಾನಿ. ಯಾವ ಮನೆಯ ಮಗು ಬಂದರೂ ಅದೇ ಕುರ್ಚಿ, ಅದೇ ಕೊಳ. ನಮ್ಮ ಯಕ್ಷಗಾನದವರು ಒಂದು ರಥವನ್ನು ಎಲ್ಲ ರಾಜರಿಗೂ ಕೊಡುವ ಹಾಗೆ.

ನಮ್ಮ ಫೋಟೊದ ಪರದೆಯಲ್ಲಿ ಕಲ್ಲಿನ ಮೆಟ್ಟಿಲೂ ಅದರ ತುದಿಗೆ ಬಳ್ಳಿ ಹಬ್ಬಿದ ಕಂಬವೂ ಇವೆ. ಕುಂದಾಪುರದ ಕಡೆಯ ನಮ್ಮ ಹಂಚಿನ ಮನೆಗೆ ಆ ಮೆಟ್ಟಿಲಿನ ಸಂಬಂಧ ಏನೂ ಇಲ್ಲ. ಪರದೆ ನೆಲ ಮುಟ್ಟುವಲ್ಲಿ ಒಂದು ನೆರಿಗೆ, ಅದನ್ನು ಮುಚ್ಚಲು ಹಾಸಿದ ಜಮಖಾನ. ಜಮಖಾನ ಪೂರ್ತಿ ಮುಚ್ಚಿಲ್ಲ, ಒಂದು ಮೂಲೆಯಲ್ಲಿ ಸಗಣಿ ಸಾರಿಸಿದ ನೆಲ ಕಾಣುತ್ತದೆ. ಅರಮನೆಯ ಮೆಟ್ಟಿಲಿನ ಬುಡದಲ್ಲಿ ಸಗಣಿಯ ನೆಲ! ನನಗೆ ಈ ಫೋಟೊದ ಮೇಲೆ ಪ್ರೀತಿ ಹುಟ್ಟಿದ್ದು ಆ ಮೂಲೆಯನ್ನು ನೋಡಿದ ಮೇಲೆ.

ಕುರ್ಚಿಯ ಮೇಲೆ ತಮ್ಮ

ಚೌಕಟ್ಟಿನ ನಟ್ಟನಡುವೆ ಹುಡುಗ. ಕುರ್ಚಿ ಅವನಿಗೆ ಎಷ್ಟು ದೊಡ್ಡದೆಂದರೆ ಕಾಲು ನೆಲಕ್ಕೆ ತಾಗುವುದಿಲ್ಲ. ತಲೆಗೆ ಟೋಪಿ, ಮೈಗೆ ಕೋಟು, ಕಾಲಿಗೆ ಬೂಟು. ತೊಡೆಯ ಮೇಲೆ ತೆರೆದಿಟ್ಟ ಪುಸ್ತಕ. ಮೂರು ವರ್ಷದ ಮಗುವಿಗೆ ಓದಲು ಬರುವುದಿಲ್ಲವೆಂದು ಇಟ್ಟವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಆ ಪುಸ್ತಕ ಇವತ್ತಿನ ವಿಷಯ ಹೇಳುವುದಲ್ಲ, ನಾಳೆಯ ಆಸೆ ಹೇಳುವುದು: ಇವನು ಓದುತ್ತಾನೆ, ಶಾಲೆಗೆ ಹೋಗುತ್ತಾನೆ, ಕೋಟು ಹಾಕುವ ಕೆಲಸ ಹಿಡಿಯುತ್ತಾನೆ. ಬೂಟು ಸ್ಟುಡಿಯೊದ್ದೇ ಇರಬೇಕು. ಒಂದು ಬೂಟಿನ ಹಿಂಭಾಗದಲ್ಲಿ ಹಿಮ್ಮಡಿ ಮೇಲೆದ್ದು ನಿಂತಿದೆ, ಅಳತೆ ಸರಿಯಿಲ್ಲ.

ಮಾವ ಓದಿದ್ದು ಆರನೆಯ ತರಗತಿ. ಹದಿನೈದಕ್ಕೆ ಹಡಗು ಹತ್ತಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿದರು. ಆದರೂ ರಾತ್ರಿಶಾಲೆ ಸೇರಿ ಮೆಟ್ರಿಕ್ ಮುಗಿಸಿದರು. ಆ ಪುಸ್ತಕ ಪೂರ್ತಿ ಸುಳ್ಳಾಗಲಿಲ್ಲ.

ಕನ್ನಡಿಯ ಮುಂದೆ ಅಕ್ಕ

ಹುಡುಗಿ ನಿಂತಿದ್ದಾಳೆ, ಕುರ್ಚಿಯ ಬಲಕ್ಕೆ, ಬರಿಗಾಲಲ್ಲಿ. ಜರಿ ಅಂಚಿನ ಪರಕಾರ, ಸೊಂಟಕ್ಕೆ ಡಾಬು, ಬೈತಲೆಗೆ ಬೊಟ್ಟು. ಮೈ ಅರ್ಧ ತಿರುಗಿದೆ, ಮುಖ ಕ್ಯಾಮೆರಾ ಕಡೆಗೆ. ಅವಳ ಹಿಂದೆ ಆಳೆತ್ತರದ ಒಂದು ನಿಲುವುಗನ್ನಡಿ, ಅದರೊಳಗೆ ಬೆನ್ನ ಮೇಲೆ ಇಳಿಬಿದ್ದ ಮೊಗ್ಗಿನ ಜಡೆ.

ಈ ಕನ್ನಡಿಯ ಉಪಾಯವನ್ನು ಓದುಗ ಸಖಿಯರಲ್ಲಿ ಅನೇಕರು ತಮ್ಮ ಬಾಲ್ಯದ ಫೋಟೊದಲ್ಲೇ ಕಂಡಿರುತ್ತೀರಿ. ಮುಖ ತೋರಿಸಿದರೆ ಜಡೆ ಕಾಣದು, ಜಡೆ ತೋರಿಸಿದರೆ ಮುಖ ಕಾಣದು. ಎರಡನ್ನೂ ಒಂದೇ ಹಾಳೆಯಲ್ಲಿ ತರಲು ನಮ್ಮ ಕಡೆಯ ಸ್ಟುಡಿಯೊದವರು ಕನ್ನಡಿ ಇಟ್ಟರು. ಬೇರೆ ಊರಿನ ಸ್ಟುಡಿಯೊಗಳಿಗೆ ಕಂಬ, ಕುರ್ಚಿ ಸಾಕಾಯಿತು. ಮೊಗ್ಗಿನ ಜಡೆ ಇರುವ ನಾಡಿನ ಸ್ಟುಡಿಯೊಗೆ ಕನ್ನಡಿ ಬೇಕೇ ಬೇಕು.

ಕನ್ನಡಿ ನಮಗೆ ಬರೀ ಉಪಕರಣವೂ ಅಲ್ಲ. ಕಲಶದ ಹತ್ತಿರ ಇಡುವ ಮಂಗಳದ್ರವ್ಯ ಅದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ನೋಡದೆ ಪ್ರವಾಸ ಮುಗಿಸಿದವರು ಯಾರಿದ್ದಾರೆ? ಆದರೆ ಒಂದು ವ್ಯತ್ಯಾಸ ಗಮನಿಸಿ. ಬೇಲೂರಿನವಳು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ನಮ್ಮ ಹುಡುಗಿಗೆ ಕನ್ನಡಿ ಬೆನ್ನ ಹಿಂದೆ. ತನ್ನ ಜಡೆಯನ್ನು ಅವಳು ನೋಡಲಾರಳು, ಅದು ನಮಗಾಗಿ ಇಟ್ಟದ್ದು.

ಮೊಗ್ಗಿನ ಜಡೆ ಹೆಣೆಯುವುದು ಒಬ್ಬರ ಕೆಲಸವಲ್ಲ. ಮಲ್ಲಿಗೆ ಬಿಡುವ ಬೇಸಿಗೆಯಲ್ಲಿ, ಅರಳುವ ಮೊದಲೇ ಕೊಯ್ದ ಮೊಗ್ಗು ಬೇಕು. ನಮ್ಮ ಕರಾವಳಿಯಲ್ಲಿ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ, ಅಟ್ಟೆಯಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕೂದಲಿಗೆ ಚೌರಿ ಸೇರಿಸಿ ಉದ್ದ ಮಾಡಿ ಹೆಣೆದು, ಬಾಳೆಯ ಪಟ್ಟೆಗೋ ದಪ್ಪ ಕಾಗದಕ್ಕೋ ಮೊಗ್ಗನ್ನು ಒಂದೊಂದಾಗಿ ಸೂಜಿದಾರದಲ್ಲಿ ಪೋಣಿಸಿ ಹೊಲಿದು ಜಡೆಗೆ ಕಟ್ಟಬೇಕು. ನಡುನಡುವೆ ಅಬ್ಬಲಿಗೆಯ ಸಾಲು, ಪಚ್ಚೆತೆನೆ, ಮರುಗ. ನೆತ್ತಿಯ ಹಿಂದೆ ರಾಗಟೆ, ತುದಿಗೆ ಕುಚ್ಚು. ಅಮ್ಮ, ಅಜ್ಜಿ, ಪಕ್ಕದ ಮನೆಯವರು ಸೇರಿ ಕೂತರೂ ಅರ್ಧ ದಿನ ಹೋಗುತ್ತದೆ. ಮಗು ಅಲ್ಲಾಡದೆ ಕುಳಿತು ಕತ್ತು ನೋಯುತ್ತದೆ. ಸಂಜೆಗೆ ಮೊಗ್ಗು ಬಿರಿಯುತ್ತದೆ, ಮರುದಿನ ಬೆಳಿಗ್ಗೆ ಕಂದುತ್ತದೆ. ಅದಕ್ಕೇ ಮೊಗ್ಗು ಬಿರಿಯುವ ಮೊದಲು ಸ್ಟುಡಿಯೊಗೆ ಓಡಬೇಕು. ಒಂದು ದಿನವೂ ನಿಲ್ಲದ ಹೂವನ್ನು ನಿಲ್ಲಿಸಿಕೊಳ್ಳಲು ನಮ್ಮ ಹೆಂಗಸರು ಕ್ಯಾಮೆರಾವನ್ನು ಬಳಸಿಕೊಂಡರು.

ಇನ್ನೊಂದು ಸೂಕ್ಷ್ಮ. ಈ ಫೋಟೊ ಕಪ್ಪುಬಿಳುಪು, ಆದರೂ ಬಣ್ಣವನ್ನು ಸ್ವಲ್ಪ ಊಹಿಸಬಹುದು. ಆ ಕಾಲದಲ್ಲಿ ಊರ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡಲು ಆಗುತ್ತಿದ್ದುದೂ ಅದಕ್ಕೇ. ಹಾಗಾಗಿ ಕೆಂಪು ಫೋಟೊದಲ್ಲಿ ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಹುಡುಗಿಯ ಹಣೆಯ ಕಪ್ಪು ಚುಕ್ಕೆ ಕುಂಕುಮವೇ ಇರಬಹುದು. ಜಡೆಯಲ್ಲಿ ಬಿಳಿಯ ನಡುವೆ ಕಾಣುವ ಗಾಢ ಪಟ್ಟೆ ಅಬ್ಬಲಿಗೆ. ಮಸಿಯಂತೆ ಕಾಣುವ ಪರಕಾರ ಬಹುಶಃ ಒಳ್ಳೆಯ ಕೆಂಪು ರೇಷ್ಮೆ. ಅಜ್ಜಿಯ ಫೋಟೊ ನೋಡಿ “ಪಾಪ, ಕಪ್ಪು ಸೀರೆ ಉಡಿಸಿದ್ದಾರೆ” ಎನ್ನುವ ಮೊದಲು ಇದನ್ನು ನೆನಪಿಡಿ.

ಅಂಚಿನಲ್ಲಿ ಒಂದು ಕೈ

ಫೋಟೊದಲ್ಲಿ ಇಬ್ಬರೇ ಮಕ್ಕಳು ಎಂದೆ. ಮೂರನೆಯವರೊಬ್ಬರು ಇದ್ದಾರೆ. ಎಡ ಅಂಚಿನಲ್ಲಿ, ಕುರ್ಚಿಯ ಬೆನ್ನನ್ನು ಹಿಡಿದ ನಾಲ್ಕು ಬೆರಳು, ಮಣಿಕಟ್ಟಿನಲ್ಲಿ ಬಳೆ. ಉಳಿದದ್ದೆಲ್ಲ ಚೌಕಟ್ಟಿನ ಹೊರಗೆ.

ಮಗು ಅಲ್ಲಾಡಿದರೆ ಚಿತ್ರ ಮಸುಕಾಗುತ್ತಿದ್ದ ಕಾಲದಲ್ಲಿ ತಾಯಂದಿರೇ ಆಸರೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ತಾಯಿಯ ಮೇಲೆ ಬಟ್ಟೆ ಹೊದಿಸಿ, ಕುರ್ಚಿಯಂತೆ ಕೂರಿಸಿ, ಅವಳ ತೊಡೆಯ ಮೇಲೆ ಮಗುವನ್ನಿಟ್ಟು ತೆಗೆದ ಫೋಟೊಗಳು ಎಷ್ಟೋ ಇವೆ. ಮಗು ಸ್ಪಷ್ಟ, ತಾಯಿ ಒಂದು ಬಟ್ಟೆಯ ಗುಡ್ಡೆ. ನಮ್ಮಲ್ಲಿ ಬೇರೆ ಕಾರಣಗಳೂ ಇದ್ದವು. ಪರಗಂಡಸಿನ ಮುಂದೆ ನಿಲ್ಲುವ ಸಂಕೋಚ, ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ. ಹೆಂಗಸರ ಈ ಸಂಕೋಚವನ್ನು ಅರಿತೇ ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೊ ತೆರೆದು, ಅದನ್ನು ನೋಡಿಕೊಳ್ಳಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದ್ದರು. ಅಂಥ ಅನುಕೂಲ ಕುಂದಾಪುರದ ಕಡೆ ಎಲ್ಲಿತ್ತು?

ಈ ಫೋಟೊ ಯಾರಿಗಾಗಿ ತೆಗೆಸಿದ್ದು ಎಂಬುದೂ ಆ ಕೈಯಿಂದ ಹೊಳೆಯಿತು. ಅಜ್ಜ ಆಗ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ. ಅಂದು ಇದ್ದದ್ದು ಮಂಗಳೂರು–ಮುಂಬಯಿ ನಡುವಿನ ಉಗಿಹಡಗು, ಮಳೆಗಾಲದಲ್ಲಿ ಅದೂ ಇಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದರೆ ಭಾಗ್ಯ. ಮಕ್ಕಳು ಎಷ್ಟು ಬೆಳೆದರು ಎಂದು ತೋರಿಸಲು ಅಜ್ಜಿ ಸ್ಟುಡಿಯೊಗೆ ಹೋಗಿ, ಫೋಟೊ ತೆಗೆಸಿ, ಅಂಚೆಗೆ ಹಾಕಿದ್ದಾರೆ. ಮಗ ಕುರ್ಚಿಯಲ್ಲಿ ಕೂರುವಷ್ಟಾದ, ಮಗಳ ಕೂದಲು ಇಷ್ಟುದ್ದ ಬಂತು. ಓದು ಬರಹ ಬಾರದ ಅಜ್ಜಿ ಬರೆದ ಕಾಗದ ಇದು.

ಹೆಸರು ಉಳಿದವರು, ಉಳಿಯದವರು

ಇದೇ ಹೊತ್ತಿಗೆ ನನಗೆ ಇನ್ನೊಂದು ಫೋಟೊ ನೆನಪಾಯಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಕರ್ಜನ್ ಸಂಗ್ರಹದಲ್ಲಿ ಮೈಸೂರಿನ ಒಂದು ಆಲ್ಬಮ್ ಇದೆ. ಅದರಲ್ಲಿ ಬಾಲಕ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ತಮ್ಮ ಹಾಗೂ ಸಹೋದರಿಯರೊಂದಿಗೆ ಇರುವ ಚಿತ್ರವಿದೆ. 1894ರ ಡಿಸೆಂಬರಿನಲ್ಲಿ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. 1902ರವರೆಗೆ ರಾಜ್ಯ ನಡೆಸಿದ್ದು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ.

ಆ ಮಕ್ಕಳಲ್ಲಿ ಹೆಣ್ಣುಮಕ್ಕಳ ಕಥೆಯೂ ನಮಗೆ ಗೊತ್ತು. ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲೇ 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟಿತು. ಅವರ ಜಯಲಕ್ಷ್ಮೀವಿಲಾಸ ಇಂದು ಮಾನಸಗಂಗೋತ್ರಿಯಲ್ಲಿದೆ. ಚೆಲುವಾಜಮ್ಮಣ್ಣಿಯವರ ಮಹಲಿನಲ್ಲಿ ಇಂದು ಕೇಂದ್ರ ಆಹಾರ ಸಂಶೋಧನಾಲಯವಿದೆ. ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗ ಕೊಂಡೊಯ್ದಿತು, ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆ ನಿಂತಿತು. ಅರಮನೆಯ ಮಕ್ಕಳ ಫೋಟೊವನ್ನು ಓದಲು ಇಡೀ ಊರೇ ಅಡಿಟಿಪ್ಪಣಿಯಾಗಿದೆ. ನಮ್ಮ ಹುಡುಗಿಗೆ ಇರುವುದು ‘ಮತ್ತು ಅಕ್ಕ’ ಮಾತ್ರ.

ಕೊನೆಗೆ ಕಲ್ಯಾಣದಲ್ಲಿರುವ ನಮ್ಮ ಯಜಮಾನರ ಸೋದರತ್ತೆಯ ಮನೆಗೆ ಫೋಟೊ ತೆಗೆದುಕೊಂಡು ಹೋದೆ. ಅವರಿಗೆ ಈಗ ತೊಂಬತ್ತರ ಹತ್ತಿರ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

“ಇದು ಅಕ್ಕಯ್ಯ ಅಲ್ದಾ? ನೀನೂ ನೋಡಿದ್ದಿ ಅವಳನ್ನ. ನಿನ್ನ ಮದುವೆಲಿ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ, ಅವಳೇ.”

ನನಗೆ ನೆನಪಾಯಿತು. ಊರಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಕೆಂಪು ಸೀರೆ, ಬೋಳು ತಲೆಯ ಮೇಲೆ ಎಳೆದ ಸೆರಗು. ಎಲ್ಲರೂ ‘ಮಡಿ ಅಜ್ಜಿ’ ಎನ್ನುತ್ತಿದ್ದರು. ಮದುವೆಯ ಮರುದಿನ ನಾನು ನಮಸ್ಕಾರ ಮಾಡಲು ಹೋದಾಗ “ನನಗೆ ಬೇಡ ಮಗಾ, ದೇವರಿಗೆ ಮಾಡು” ಎಂದು ಹಿಂದೆ ಸರಿದಿದ್ದರು. ಅವರು ಯಾರ ಅಕ್ಕ, ಯಾರ ಮಗಳು ಎಂದು ನಾನು ಕೇಳಿರಲಿಲ್ಲ. ಮನೆಯಲ್ಲಿ ಒಂದು ಕಂಬ ಇರುವ ಹಾಗೆ ಅವರಿದ್ದರು.

ಫೋಟೊ ತೆಗೆದ ಮೂರು ನಾಲ್ಕು ವರ್ಷಕ್ಕೆ ಮದುವೆಯಾಯಿತಂತೆ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆ 1929ರ ಶಾರದಾ ಕಾಯ್ದೆ 1930ರ ಏಪ್ರಿಲಿನಲ್ಲಿ ಜಾರಿಗೆ ಬಂದು ಹುಡುಗಿಗೆ ಹದಿನಾಲ್ಕು ವರ್ಷ ಎಂದು ವಿಧಿಸಿತ್ತು. ಆದರೆ ಆ ಕಾಯ್ದೆಯ ಪ್ರಕಾರ ಮದುವೆ ಮಾಡಿಸಿದವರಿಗೆ ಶಿಕ್ಷೆ ಆಗಬಹುದಿತ್ತೇ ಹೊರತು ಆದ ಮದುವೆ ರದ್ದಾಗುತ್ತಿರಲಿಲ್ಲ. ಹಳ್ಳಿಯಲ್ಲಿ ದೂರು ಕೊಡುವವರು ಯಾರು? ಹದಿನೈದಕ್ಕೆ ಗಂಡ ತೀರಿಕೊಂಡ. ಕೂದಲು ತೆಗೆಸಿದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದಾಗ, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದಾಗ, ನಾವೆಲ್ಲ ಓದಿ, ನೋಡಿ ಕಣ್ಣೊರೆಸಿಕೊಂಡೆವು. ನಮ್ಮದೇ ಅಡಿಗೆಮನೆಯಲ್ಲಿ ಒಬ್ಬರು ಇದ್ದದ್ದು ನಮಗೆ ಕಾಣಲಿಲ್ಲ.

“ಕೂದಲು ತೆಗ್ದ ದಿನ ಅಮ್ಮ ಈ ಫೋಟೊ ಹುಡುಕಿ ಅಡಗಿಸಿಟ್ಟಳು. ಅಕ್ಕಯ್ಯನ ಕಣ್ಣಿಗೆ ಬೀಳಬಾರದು ಅಂತ. ಆಮೇಲೆ ಅಣ್ಣ ಬೊಂಬಾಯಿಗೆ ಹೋಗುವಾಗ ಅವನ ಪೆಟ್ಟಿಗೆಗೆ ಹಾಕಿದಳು.” ಸೋದರತ್ತೆ ಇಷ್ಟು ಹೇಳಿ ಸುಮ್ಮನಾದರು. ಮುಂಬಯಿಯಿಂದ ಅಜ್ಜನ ಜೊತೆ ಊರಿಗೆ ಮರಳಿದ್ದ ಫೋಟೊ ಹೀಗೆ ಮತ್ತೊಮ್ಮೆ ಮುಂಬಯಿಗೆ ಬಂತು, ದಾದರಿನ ಚಾಳಿನಿಂದ ಮುಂಬ್ರಾಕ್ಕೆ ಬಂತು.

ಮತ್ತೊಮ್ಮೆ ನೋಡಿದಾಗ

ಮನೆಗೆ ಬಂದು ಮತ್ತೆ ಫೋಟೊ ನೋಡಿದೆ. ಒಂದು ತಪ್ಪು ಮಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಾದದ್ದು ಗೊತ್ತಾದ ಮೇಲೆ ಆ ಮುಖದಲ್ಲಿ ದುಃಖ ಹುಡುಕುವುದು ಸುಲಭ. ಆದರೆ 1933ರ ಆ ದಿನ ಅವಳಿಗೆ ಅದೇನೂ ಗೊತ್ತಿಲ್ಲ. ಅವಳ ತುಟಿ ಬಿಗಿಯಾಗಿರುವುದು ಅಲ್ಲಾಡಬೇಡ ಎಂದಿದ್ದಕ್ಕೆ. ಗಲ್ಲ ಸ್ವಲ್ಪ ಮೇಲೆದ್ದಿರುವುದು ಜಡೆಯ ಭಾರಕ್ಕೂ ಇರಬಹುದು, ಜಡೆಯ ಹೆಮ್ಮೆಗೂ ಇರಬಹುದು. ಆ ಹೆಮ್ಮೆಯನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ.

ರಚನೆಯಲ್ಲಿ ಹುಡುಗ ನಡುವೆ ಇದ್ದಾನೆ, ಕುರ್ಚಿ ಅವನದು, ಪುಸ್ತಕ ಅವನದು, ಬೂಟು ಅವನದು. ಸ್ಟುಡಿಯೊದವನು ಹಾಗೆ ಜೋಡಿಸಿದ. ಆದರೆ ಕಣ್ಣು ಹೋಗುವುದು ಬೆಳಕಿರುವ ಕಡೆಗೆ, ಅಲ್ಲಿ ಅತಿ ಹೆಚ್ಚು ಬೆಳಕಿರುವುದು ಕನ್ನಡಿಯೊಳಗಿನ ಬಿಳಿ ಮೊಗ್ಗಿನ ಸಾಲಿನಲ್ಲಿ. ಅದನ್ನು ಹೆಣೆದವಳ ಬೆರಳುಗಳೇ ಎಡ ಅಂಚಿನಲ್ಲಿವೆ. ಪೆನ್ಸಿಲಿನಲ್ಲಿ ಯಾರೋ ಮಗನ ಹೆಸರು ಮಾತ್ರ ಬರೆದರು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಅವಳು ತನಗೆ ಬರುವ ರೀತಿಯಲ್ಲಿ ಮಗಳನ್ನು ಬರೆದಿಟ್ಟಳು.

ಸೋದರತ್ತೆ ಅಕ್ಕಯ್ಯನ ಹೆಸರು ಹೇಳಿದರು. ಮನೆಯ ಹೆಸರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಫೋಟೊದ ಹಿಂದೆ, ‘ಮತ್ತು ಅಕ್ಕ’ ಎಂಬುದನ್ನು ಅಳಿಸದೆ, ಅದರ ಮುಂದೆ ಬರೆದೆ. ಎಡ ಅಂಚಿನ ಕೈಗೂ ಒಂದು ಸಾಲು ಬರೆದೆ.

ಠಾಣೆ, ಮುಂಬ್ರಾ, ಡೊಂಬಿವಿಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಮನೆಗಳ ಅಟ್ಟಗಳಲ್ಲಿ ಇಂಥ ಫೋಟೊ ಎಷ್ಟಿವೆಯೋ. ಸಖಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಮಳೆಗಾಲದ ತೇವಕ್ಕೆ ಅವು ಬೂಸ್ಟು ಹಿಡಿಯುವ ಮೊದಲು ಕೆಳಗಿಳಿಸಿ. ಲ್ಯಾಮಿನೇಶನ್ ಮಾಡಿಸಬೇಡಿ, ಅಂಟುವ ಹಾಳೆಯ ಆಲ್ಬಮ್ಮಿಗೂ ಹಾಕಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಹತ್ತಿಯ ಬಟ್ಟೆಯಲ್ಲಿ ಒರೆಸಿದ ಒಣ ಕೈಯಲ್ಲಿ ಅಂಚು ಹಿಡಿದು, ಒಂದು ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಮನೆಯ ಹಿರಿಯರ ಮುಂದೆ ಕುಳಿತು ಪ್ರತಿಯೊಬ್ಬರ ಹೆಸರು ಕೇಳಿ, ಮೊದಲು ಹೆಣ್ಣುಮಕ್ಕಳದು. ಬಾಲ್ ಪೆನ್ನು ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತದೆ, ಶಾಯಿ ಇಂಗುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ, ಹಗುರವಾಗಿ ಬರೆಯಿರಿ. ತೊಂಬತ್ತು ವರ್ಷದ ಹಿಂದೆ ಬರೆದ ಪೆನ್ಸಿಲು ನನಗೆ ಇವತ್ತಿಗೂ ಓದಲು ಬಂತು.